ಮನೆಯ ಬಾಗಿಲು ಕಿತ್ತು ಶಾಲೆಗೆ ಹೊತ್ತ ಎನೆಲೆಸಿ

ಬೆಳಗಿನ ಐದಕ್ಕೆ ಎನೆಲೆಸಿ ನಮಖ್ವಾ ಹೊಲದ ಅಂಚಿನಲ್ಲಿ ನಿಂತು ಕೂಗು ಹಾಕುತ್ತಾರೆ. ಜನವರಿ ತಿಂಗಳು, ಮೆಕ್ಕೆಜೋಳ ಆಳೆತ್ತರ ಬೆಳೆದು ನಾಲ್ಕು ಹೆಜ್ಜೆ ಆಚೆಗಿನವರೂ ಕಾಣುವುದಿಲ್ಲ. ಮುಲಾಂಜೆ ಬೆಟ್ಟದ ನೆತ್ತಿಯಲ್ಲಿ ಇನ್ನೂ ಮೋಡ. ಒಂದೊಂದೇ ಮನೆಯಿಂದ ಮಕ್ಕಳು ಬಂದು ಸಾಲುಗಟ್ಟುತ್ತಾರೆ. ಐವತ್ತೆರಡರ ಎನೆಲೆಸಿಯ ಕೈಯಲ್ಲಿ ಮಚ್ಚು. ಬೆನ್ನಿಗೆ ಕಟ್ಟಿದ ಬಟ್ಟೆಯಲ್ಲಿ ಕಾಲು ಸ್ವಾಧೀನವಿಲ್ಲದ ಏಳು ವರ್ಷದ ಲಿಕಾ.

“ಗಟ್ಟಿಯಾಗಿ ಮಗ್ಗಿ ಹೇಳ್ರೋ! ಜೋಳದೊಳಗೆ ಯಾವನಾದ್ರೂ ಅಡಗಿದ್ರೆ ಅವ್ನಿಗೂ ನಾಲ್ಕಕ್ಷರ ಬರ್ಲಿ.”

ದಿನಕ್ಕೆ ಇಪ್ಪತ್ತಮೂರು ಮಕ್ಕಳು, ಶಾಲೆಗೆ ಹೋಗಿಬರಲು ಹನ್ನೊಂದು ಕಿಲೋಮೀಟರ್. ಆರು ವರ್ಷದಿಂದ ಇದೇ ಕೆಲಸ. ಇದಕ್ಕೆ ಹುದ್ದೆಯ ಹೆಸರಿಲ್ಲ, ಸಂಬಳವೂ ಇಲ್ಲ. ಸಾಲಿನ ನಡುವೆ ಅಗಲ ಟೋಪಿಯ ಹುಡುಗಿ ತಿಯಾಮಿಕೆ ನಡೆಯುತ್ತಾಳೆ. ಅವಳು ಮೈಬಣ್ಣವಿಲ್ಲದೆ ಹುಟ್ಟಿದವಳು. ಅಂಥ ಮಕ್ಕಳ ಮೂಳೆ ಅದೃಷ್ಟ ತರುತ್ತದೆಂದು ನಂಬಿ ಹೊತ್ತೊಯ್ಯುವವರು ಇದ್ದಾರೆ. ಹಾಗಾಗಿ ಆಕೆಯ ತಾಯಿ ಮಗಳನ್ನು ಹೊಸ್ತಿಲು ದಾಟಿಸುತ್ತಿರಲಿಲ್ಲ. “ನನ್ನ ಜೊತೆ ಕಳಿಸು” ಎಂದು ಎನೆಲೆಸಿ ಮೊದಲು ಕೈಹಿಡಿದು ಕರೆದೊಯ್ದದ್ದು ಇವಳನ್ನೇ.

ಎನೆಲೆಸಿ ಓದಿದ್ದು ಆರನೇ ತರಗತಿ. “ಹದಿಮೂರು ವರ್ಷ ನಂಗೆ. ತರಗತಿಯಲ್ಲೇ ಮುಟ್ಟಾದೆ. ಮರೆಗೆ ಹೋಗೋಣ ಅಂದ್ರೆ ಶೌಚಕ್ಕೆ ಗೋಡೆನೇ ಇಲ್ಲ. ಹುಡುಗರು ನಕ್ರು. ಮನೆಗೆ ಓಡಿದೋಳು ಮತ್ತೆ ಆ ಕಡೆ ತಿರುಗಿ ನೋಡಲಿಲ್ಲ. ಅವತ್ತು ಸುಮ್ನಿದ್ದೆ ನೋಡಿ, ಆ ಸಿಟ್ಟು ಇನ್ನೂ ಇದೆ.”

ಮೂರು ವರ್ಷದ ಹಿಂದೆ ಆ ಸಿಟ್ಟು ಹೊರಬಿತ್ತು. ಶಾಲೆಯ ಹುಡುಗಿಯರ ಬಾಗಿಲಿಲ್ಲದ ಶೌಚಾಲಯದಲ್ಲಿ ತಿಯಾಮಿಕೆ ಕಿರುಚಿಕೊಂಡಳು. ಅಂಗಳದಲ್ಲಿ ಮಕ್ಕಳಿಗೆ ಗಂಜಿ ಕಾಯಿಸುತ್ತಿದ್ದ ಎನೆಲೆಸಿ ಸೌಟು ಹಿಡಿದೇ ಓಡಿದರು. ಗೋಣಿಚೀಲ ಹಿಡಿದ ಅಪರಿಚಿತನೊಬ್ಬ ಹೊಲಕ್ಕೆ ನುಗ್ಗಿ ಮರೆಯಾದ. ಅವನು ಇಂದಿಗೂ ಸಿಕ್ಕಿಲ್ಲ.

ಮರುದಿನ ಮುಖ್ಯೋಪಾಧ್ಯಾಯ ಮಕ್ವಿಂಜಾ ಎನೆಲೆಸಿಯನ್ನು ಕರೆಸಿದರು. “ಕೊಯ್ಲು ಮುಗಿಯೋ ತನಕ ಆ ಹುಡುಗಿ ಮನೇಲೇ ಇರ್ಲಮ್ಮ. ಹೆಚ್ಚುಕಮ್ಮಿ ಆದ್ರೆ ನನ್ ತಲೆಗೆ ಬರುತ್ತೆ.”

“ಕಳ್ಳ ಬಂದ ಅಂತ ಹುಡುಗೀನ ಕೂಡಿಹಾಕೋದಾ ಮೇಷ್ಟ್ರೇ? ಬಾಗಿಲು ಹಾಕ್ಸಿ.”

“ಅರ್ಜಿ ಕೊಟ್ಟು ಎರಡು ವರ್ಷ ಆಯ್ತು. ಬಾಗಿಲೇನು ಮರದಲ್ಲಿ ಬಿಡುತ್ತಾ?”

“ನಮ್ಮನೇಲಿದೆ” ಎಂದು ಎನೆಲೆಸಿ ಹೊರಟೇಬಿಟ್ಟರು.

ಗಂಡ ಲೊಜಾಸಿ ಗುದ್ದಲಿ ಹೊತ್ತು ಮನೆಗೆ ಬಂದಾಗ ಹೆಂಡತಿ ಬಾಗಿಲಿನ ತಿರುಗಣಿ ಕೀಳುತ್ತಿದ್ದರು.

“ಏನೇ ಇದು? ಮನೆಗೇನು ಗತಿ?”

“ಕದಿಯೋಕೆ ಮನೇಲಿ ನೀನೊಬ್ಬ ಇದೀಯ. ನಿನ್ನ ಯಾರೂ ಹೊತ್ಕೊಂಡ್ ಹೋಗಲ್ಲ, ಹೆದರ್ಬೇಡ.”

ಲೊಜಾಸಿ ಗುದ್ದಲಿ ಇಳಿಸಿ, ನಗುತ್ತಾ ಇನ್ನೊಂದು ತುದಿಗೆ ಕೈಹಾಕಿದರು.

ಬೆಳಿಗ್ಗೆ ಶೌಚಾಲಯಕ್ಕೆ ನೀಲಿ ಬಾಗಿಲು ಬಂದಿತ್ತು. ಸುತ್ತ ತಾಯಂದಿರ ಗುಂಪು ನೆರೆದಿತ್ತು. ಮಕ್ವಿಂಜಾ ಕೆರಳಿದರು. “ಯಾರ ಅಪ್ಪಣೆ ತಗೊಂಡೆ?”

“ಬೇಡಾಂದ್ರೆ ಕಿತ್ತಾಕಿ. ಇಷ್ಟು ಹೆಣ್ಮಕ್ಕಳು ನೋಡ್ತಿರೋವಾಗ ನೀವೇ ಕೈಯಾರೆ ಕಿತ್ತಾಕಿ, ನೋಡೋಣ.”

ಅವರು ಕೀಳಲಿಲ್ಲ. ಮಾರನೆಯ ದಿನ ಸುತ್ತಿಗೆ ಹಿಡಿದು ಬಂದು, ಒಳಗಡೆಯಿಂದ ಹಾಕಿಕೊಳ್ಳಲು ಒಂದು ಚಿಲಕ ಬಡಿದು ಹೋದರು.

ಎರಡು ಮಳೆಗಾಲ ಎನೆಲೆಸಿಯ ಮನೆಗೆ ಗೋಣಿತಾಟೇ ಬಾಗಿಲಾಗಿತ್ತು. ಇತ್ತ, ತಿಂಗಳಿಗೊಮ್ಮೆ ಮನೆಯಲ್ಲಿ ಉಳಿದು ಕೊನೆಗೆ ಶಾಲೆಯನ್ನೇ ಬಿಟ್ಟಿದ್ದ ಹನ್ನೊಂದು ಹುಡುಗಿಯರು ಮರಳಿ ಬಂದರು. ತಾಯಂದಿರು ಸೇರಿ ಲಿಕಾ ತೆವಳಿ ಹತ್ತಲು ತರಗತಿಗೆ ಮಣ್ಣಿನ ಇಳಿಜಾರು ಕಟ್ಟಿದರು. ದೃಷ್ಟಿ ಮಂದವಿರುವ ತಿಯಾಮಿಕೆಗೆ ಕರಿಹಲಗೆಯ ಎದುರೇ ಜಾಗ. ಈಗ ಅವಳು ತರಗತಿಗೇ ಮೊದಲು.

ಮಕ್ಕಳನ್ನು ಒಳಗೆ ಬಿಟ್ಟು ಎನೆಲೆಸಿ ಗಂಜಿಯ ಒಲೆಗೆ ಬೆಂಕಿ ಹಚ್ಚುತ್ತಾರೆ. ನಿಮಗೇನು ಬೇಕು ಎಂದು ಕೇಳಿದರೆ ಹೊಗೆಗೆ ಕಣ್ಣು ಕಿರಿದಾಗಿಸಿ ಯೋಚಿಸುತ್ತಾರೆ. ಈ ಕಡೆ ಊರಲ್ಲಿ ಸಾವಾದರೆ ಹೂಳುವ ದಿನ ಎಲ್ಲ ಕೆಲಸ ನಿಲ್ಲುತ್ತದೆ, ಶಾಲೆಗೂ ರಜೆ.

“ನಾನು ಸತ್ರೆ ಭಾನುವಾರನೇ ಹೂಳ್ಬೇಕು. ಸೋಮವಾರ ಸತ್ರೂ ಭಾನುವಾರದ ತನಕ ಹಂಗೇ ಇಟ್ಟಿರ್ಲಿ, ನಾನೇನೂ ಎದ್ದು ಓಡಲ್ಲ. ನನ್ನ ಹೆಸರಲ್ಲಿ ಒಂದೇ ಒಂದು ಮಗೂಗೂ ಒಂದೇ ಒಂದು ಪಾಠ ತಪ್ಪಬಾರ್ದು.”