ಅತ್ತೆ ಸೈಕಲ್ ಕಲಿತದ್ದು

ಕುಶಾಲನಗರದ ಕಾಲೇಜೊಂದರಲ್ಲಿ ನಾನು ಇತಿಹಾಸ ಕಲಿಸುತ್ತೇನೆ. ಮರುದಿನದ ಪಾಠವನ್ನು ಅಡುಗೆಮನೆಯಲ್ಲಿ ಗಟ್ಟಿಯಾಗಿ ಓದಿಕೊಳ್ಳುವುದು ನನ್ನ ರೂಢಿ. ಕಳೆದ ಚಳಿಗಾಲದಲ್ಲಿ ಹಾಗೆ ಓದಿದ್ದು ಅಮೆರಿಕದ ಪಾಠ. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಅಲ್ಲಿನ ಹೆಂಗಸರು ಸೈಕಲ್ ಹತ್ತಿದರು. ಮುಖದ ಅಂದ ಕೆಡುತ್ತದೆ ಎಂದು ಕೆಲವು ವೈದ್ಯರೇ ಹೆದರಿಸಿದರೂ ಅವರು ಇಳಿಯಲಿಲ್ಲ. ಕೆಲವರಂತೂ ಉದ್ದ ಲಂಗ ಬಿಟ್ಟು ಸಡಿಲ ಚಲ್ಲಣ ತೊಟ್ಟರು.

ಅವರೆಕಾಯಿ ಸುಲಿಯುತ್ತಿದ್ದ ಅತ್ತೆ ತಲೆಯೆತ್ತಿದರು. "ಕೆಟ್ಟೋಯ್ತಾ ಅವರ ಮುಖ?"

"ಎಲ್ಲಿ ಕೆಡುತ್ತೆ ಅತ್ತೆ, ಸುಮ್ನೆ ಹೆದರಿಸಿದ್ದು."

"ನಮ್ಮಪ್ಪನೂ ಹಿಂಗೇ ಹೆದರಿಸೋರು. ಅಣ್ಣನ ಸೈಕಲ್ ಒರೆಸೋದಷ್ಟೇ ನನ್ನ ಕೆಲ್ಸ ಆಗಿತ್ತು. ನಂಗೂ ಕಲ್ಸ್ಕೊಡವ್ವ."

ಭಾನುವಾರ ಅತ್ತೆ ನನ್ನ ಚೂಡಿದಾರ ಹಾಕಿಕೊಂಡು, ಕನ್ನಡಿ ಮುಂದೆ ನಿಂತು ನಕ್ಕೇ ನಕ್ಕರು. ಮಗಳ ಸೈಕಲ್ ತಳ್ಳಿಕೊಂಡು ಶಾಲೆಯ ಮೈದಾನಕ್ಕೆ ಹೋದೆವು. ನಾನು ಸೀಟು ಹಿಡಿದು ಹಿಂದೆ ಓಡಿದೆ. ಎರಡು ಸಲ ಬಿದ್ದರು, ಮಣ್ಣು ಕೊಡವಿಕೊಂಡು ಎದ್ದರು. ಆಮೇಲೆ ಸೈಕಲ್ ನನ್ನ ಕೈ ಬಿಟ್ಟು ಹೋಯಿತು.

"ತಿರುಗ್ಸೋದು ಹೆಂಗೇ?" ಎಂದು ಕೂಗುತ್ತಲೇ ಅತ್ತೆ ಗೇಟು ದಾಟಿದರು. ಪಕ್ಕದ ಗದ್ದೆಯ ಹುಲ್ಲುಮೆದೆಗೆ ಗುದ್ದಿ ನಿಂತರು. ನಾನು ಗಾಬರಿಯಿಂದ ಓಡಿಹೋಗಿ ನೋಡಿದರೆ, ಕೂದಲ ತುಂಬ ಹುಲ್ಲು, ಕಣ್ಣಲ್ಲಿ ನೀರು ಬರುವಷ್ಟು ನಗು.

"ಒಬ್ಳೇ ಬಂದೆ ಕಣೇ, ನೋಡ್ದಾ?"

ಈಗ ಡೈರಿಗೆ ಹಾಲು ಒಯ್ಯುವುದು ಅವರೇ. ಮನೆಗೆ ಬರುವುದು ಮಾತ್ರ ತಡ. ಯಾಕೆಂದು ಕೇಳಿದರೆ, "ಹೊಳೆ ಕಡೆಯಿಂದ ಸುತ್ತಾಕ್ಕೊಂಡ್ ಬಂದೆ, ಗಾಳಿ ಚೆನ್ನಾಗಿತ್ತು" ಎನ್ನುತ್ತಾರೆ.