ಕನ್ನಡಕದ ಹೆಗ್ಗಣ

ಬೇಲಿಯಾಚೆಯ ಅಕ್ಕನ ಹತ್ತೂ ಉಗುರುಗಳ ತುದಿಗೆ ಒಂದೊಂದು ಗೀಟು ಕಪ್ಪು ಮಣ್ಣು. ನಮ್ಮ ಕಾನ್ವೆಂಟಿನ ಸಿಸ್ಟರ್ ಕಂಡಿದ್ದರೆ ‘ಶೋ ಮಿ ಯುವರ್ ನೇಲ್ಸ್’ ಎಂದು ಸ್ಕೇಲು ಎತ್ತುತ್ತಿದ್ದರು. ಅಕ್ಕ ಆ ಸ್ಕೇಲನ್ನೇ ಕಸಿದು ಬೆಂಡೆಗಿಡಕ್ಕೆ ಊರುಗೋಲು ಮಾಡುತ್ತಿದ್ದಳು, ಅದರಲ್ಲಿ ಡೌಟಿಲ್ಲ.

ಟೀಚರ್ ಕೆಲಸದಿಂದ ರಿಟೈರ್ ಆಗಿ ಕುಮಟಾದ ಈ ಕೇರಿಗೆ ಬಂದಾಗ ನನಗೆ ಪರಿಚಯವಾದ ಮೊದಲ ದನಿ ಅವಳದು. ಹೀರೆಬಳ್ಳಿಗೆ ಬೈಯುತ್ತಿದ್ದಳು: “ಎಲೆ ಬಿಟ್ಕಂಡು ಮೆರೀತಿ, ಕಾಯೆಲ್ಲಿ?”

ಚೌತಿಗೆ ಈ ಕಡೆ ಗಣಪತಿಯ ಮೇಲ್ಗಡೆ ಮರದ ಚೌಕಟ್ಟಿಗೆ ಊರಿನ ಕಾಯಿ, ಹಣ್ಣು, ಹೂವುಗಳನ್ನು ಕಟ್ಟಿ ಇಳಿಬಿಡುತ್ತಾರೆ. ಅದೇ ಫಲಾವಳಿ. ಅಕ್ಕನ ಫಲಾವಳಿಯ ನಟ್ಟನಡುವೆ ಅವಳ ಬಳ್ಳಿಯ ಮೊದಲ ಸೌತೆಕಾಯಿಯೇ ತೂಗಬೇಕು. ಮದುವೆಯಾಗಿ ಬಂದ ವರ್ಷದಿಂದ ಒಮ್ಮೆಯೂ ತಪ್ಪಿದ್ದಿಲ್ಲ. ಅದಕ್ಕೂ ಮೊದಲು ಆ ಬಳ್ಳಿಯದನ್ನು ಯಾರೂ ಬಾಯಿಗಿಡುವಂತಿಲ್ಲ.

ಇದೆಲ್ಲ ನನಗೆ ಗೊತ್ತಾದದ್ದು ತಿಂದ ಮೇಲೆ.

ಬಳ್ಳಿ ಬೇಲಿ ಹಾರಿ ನನ್ನ ಕಾಂಪೌಂಡಿಗೆ ಬಂದಿತ್ತು. ಒಂದೇ ಕಾಯಿ, ತೊಟ್ಟಿಗೆ ತೆಂಗಿನ ನಾರು. ಅದು ಗಣಪತಿಗೆ ಮೀಸಲೆಂಬ ಗುರುತು. ನಾನು ಸಪೋರ್ಟಿಗೆ ಕಟ್ಟಿದ್ದೆಂದುಕೊಂಡೆ. ಅಂದು ಕಾನ್ವೆಂಟಿನ ಗೆಳತಿ ಟೀಗೆ ಬಂದಿದ್ದಳು. ಬ್ರೆಡ್ಡಿನ ಅಂಚು ತೆಗೆದು, ತ್ರಿಕೋನವಾಗಿ ಕತ್ತರಿಸಿ, ಕುಕುಂಬರ್ ಸ್ಯಾಂಡ್‌ವಿಚ್ ಮಾಡಿದೆ. ಗುಡ್ ನೇಬರ್ ಆಗಬೇಕಲ್ಲ, ಬೇಲಿಯಾಚೆಗೂ ಎರಡು ತುಂಡು ಕೊಟ್ಟೆ.

ಅಕ್ಕ ಬ್ರೆಡ್ ಬಿಡಿಸಿ ನೋಡಿದಳು. ಆಮೇಲೆ ಬಳ್ಳಿಯನ್ನು ನೋಡಿದಳು.

“ಟೀಚರ್ರೆ, ನಾಡಿದ್ದು ಚೌತಿ. ಗಣಪತಿಗೆ ನಾ ಎಂತ ಕಟ್ಟೂದು? ಬ್ರೆಡ್ಡಾ?”

ಪೇಟೆಗೆ ಓಡಿ ಸೇಬು ತಂದೆ. ಅಕ್ಕ ಅದರ ಸ್ಟಿಕ್ಕರನ್ನು ಉಗುರಿನಿಂದ ಕೆರೆದಳು. “ಇದ್ಕೆ ನೀರು ಹಾಕ್ದವ್ರು ಯಾರು? ನೀವಾ, ನಾನಾ?” ಎಂದು ವಾಪಸ್ ಕೊಟ್ಟಳು.

ಮರುದಿನವಿಡೀ ಮಳೆಯಲ್ಲಿ ಇಬ್ಬರೂ ಎಲೆ ಎಲೆ ಎತ್ತಿ ಹುಡುಕಿದೆವು. ನನ್ನ ಸೀರೆ, ಕನ್ನಡಕ, ಡಿಗ್ನಿಟಿ ಎಲ್ಲವೂ ಕೆಸರು. ಸಂಜೆ ಹೊತ್ತಿಗೆ ಒಂದು ಸಿಕ್ಕಿತು. ಕಿರುಬೆರಳಿನಷ್ಟು ಮಿಡಿ, ತುದಿಯ ಹೂ ಇನ್ನೂ ಬಾಡಿರಲಿಲ್ಲ.

“ಆತು. ಇದೇ ಮೊದಲ್ನೇದು ಅಂತ ಗಣಪತಿಗೆ ನಾ ಹೇಳ್ತೆ. ನೀವು ಮಾತ್ರ ಬಾಯಿ ಬಿಡಬೇಡಿ.”

ಹಬ್ಬದ ದಿನ ಫಲಾವಳಿ ನೋಡಲು ಕೇರಿಗೆ ಕೇರಿಯೇ ಬಂತು. “ಎಂತದೇ ಅದು ನಡೂಗೆ, ಹಸಿಮೆಣಸಾ?” ಎಂದಳು ಅಕ್ಕನ ನಾದಿನಿ. “ದೊಡ್ಡ ಕಾಯಿ ಎಲ್ಲಿ?”

ನಾನು ಕನ್ನಡಕ ಸರಿಮಾಡಿಕೊಂಡೆ.

“ಹೆಗ್ಗಣ ತಿಂತು,” ಎಂದಳು ಅಕ್ಕ.

“ಬೇಲಿ ಹತ್ತಿ?”

“ಹ್ಞೂಂ, ಓದಿದ ಹೆಗ್ಗಣ. ಕನ್ನಡಕ ಹಾಕಂಡಿತ್ತು.”

ಎಲ್ಲರೂ ತಿರುಗಿ ನನ್ನನ್ನು ನೋಡಿದರು. ಎಂಟು ತಿಂಗಳಿಂದ ನನಗೆ ಗುಡ್ ಮಾರ್ನಿಂಗ್ ಮಾತ್ರ ಹೇಳುತ್ತಿದ್ದವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಅಕ್ಕ ಹಂಚಿದ ಪಂಚಕಜ್ಜಾಯ ಎಲ್ಲರಿಗೂ ಒಂದು ಮುಷ್ಟಿ, ನನಗೆ ಎರಡು. “ಹೆಗ್ಗಣಕ್ಕೆ ಹಸಿವು ಜಾಸ್ತಿ.”

ಆ ವರ್ಷ ಬಲಿತ ಕಾಯಿಯ ಬೀಜವನ್ನು ಬೂದಿಯಲ್ಲಿ ಕಲಸಿ, ಹೊಸ ಪೇಂಟ್ ಬಳಿಸಿದ್ದ ನನ್ನ ಅಡುಗೆಮನೆಯ ಗೋಡೆಗೇ ಪಟಪಟ ಮೆತ್ತಿದಳು. “ಹುಳ ಮುಟ್ಟೂದಿಲ್ಲ. ನೀವೂ ಮುಟ್ಬೇಡಿ.”

ಅಕ್ಕ ಹೋಗಿ ಎರಡು ಮಳೆಗಾಲವಾಯಿತು. ಗೋಡೆಯ ಬೀಜ ವರ್ಷವರ್ಷವೂ ಮಣ್ಣಿಗಿಳಿಯುತ್ತದೆ, ಹೊಸದು ಗೋಡೆಗೆ ಏರುತ್ತದೆ. ಅವಳ ಮನೆಯ ಫಲಾವಳಿಯ ನಡುವಿನ ಕಾಯಿ ಈಗ ನನ್ನ ಬಳ್ಳಿಯದು. ಮೊನ್ನೆ ಅದೇ ಗೆಳತಿ ಟೀಗೆ ಬಂದವಳು, ನಾರು ಕಟ್ಟಿದ ಕಾಯಿ ಕಂಡು ಆಸೆಯಿಂದ ಕೈ ಚಾಚಿದಳು.

“ಡೋಂಟ್ ಯೂ ಡೇರ್!” ಎಂದು ಬೆರಳೆತ್ತಿ ಗದರಿದೆ. ದನಿ ಸಾಕ್ಷಾತ್ ಸಿಸ್ಟರ್‌ದೇ. ಎತ್ತಿದ ಬೆರಳಿನ ಉಗುರಿಗೆ ಮಾತ್ರ ಒಂದು ಗೀಟು ಕಪ್ಪು ಮಣ್ಣು.