ಮ್ಯಾಪಿನಲ್ಲಿ ನಮ್ಮತ್ತೆಯ ಹೋಟೆಲ್

"ಎರಡೆರಡು ದೋಸೆ ಆಕ್ಕೊಡಮ್ಮಾ" ಎನ್ನುತ್ತ ಭಾನುವಾರ ಬೆಳಿಗ್ಗೆ ಅಪರಿಚಿತ ದಂಪತಿ ಬಂಗಾರಪೇಟೆಯ ನಮ್ಮ ಮನೆಯೊಳಗೇ ಬಂದು ಕೂತರು. ಅವರ ಮೊಬೈಲಿನ ಮ್ಯಾಪಿನಲ್ಲಿ ನಮ್ಮ ಮನೆ 'ಅತ್ತೆ ದೋಸೆ ಹೋಟೆಲ್' ಆಗಿತ್ತು! ಇದು ಹೋಟೆಲಲ್ಲ ಎಂದು ನಾನು ಹೇಳುವಷ್ಟರಲ್ಲಿ ನಮ್ಮತ್ತೆ, "ಅಸ್ಕೊಂಡು ಬಂದವ್ರೆ, ನೀನು ಸುಮ್ಕಿರು" ಎಂದು ಒಲೆಗೆ ಕಾವಲಿ ಇಟ್ಟೇಬಿಟ್ಟರು.

ಡಿಜಿಟಲ್ ಮ್ಯಾಪ್ ಬಳಸಿ ಪಾಠ ಮಾಡುವುದನ್ನು ಬಿ.ಎಡ್. ವಿದ್ಯಾರ್ಥಿಗಳಿಗೆ ಕಲಿಸುವವಳು ನಾನು. ಮರುದಿನ ತರಗತಿಯಲ್ಲಿ, ಇದು ಯಾರ ಕೆಲಸ ಎಂದು ಗದರಿದೆ. ಬೇತಮಂಗಲದ ಹುಡುಗಿ ಎದ್ದು ನಿಂತಳು.

"ಮ್ಯಾಪಲ್ಲಿ ಇಲ್ದಿರೋ ಒಳ್ಳೆ ಜಾಗ ಸೇರಿಸಿ ಅಂತ ನೀವೇ ಅಂದ್ರಲ್ಲ ಮೇಡಂ? ಅವತ್ತು ನಿಮ್ಮನೆಗೆ ಬಂದಾಗ ಅತ್ತೆ ಮಾಡಿದ ದೋಸೆ ತಿಂದಿದ್ನಲ್ಲಾ!"

ಎಲ್ಲರೊಡನೆ ನಾನೂ ನಕ್ಕುಬಿಟ್ಟೆ.

ಆ ಗುರುತನ್ನು ಅವತ್ತೇ ತೆಗೆಸಿದೆ. ಅತ್ತೆಗೆ ಮಾತ್ರ ಹೇಳಿಲ್ಲ. ಪ್ರತಿ ಶನಿವಾರ ಅವರು ಹಿಟ್ಟು ಸ್ವಲ್ಪ ಹೆಚ್ಚಾಗಿಯೇ ರುಬ್ಬುತ್ತಾರೆ.